ಇಳಿಸಿಕೊಂಡ ಮೂಲ ಕಡತಗಳನ್ನು ಎಲ್ಲಿ, ಹೇಗೆ ಇಡಬೇಕು?

ಪ್ರಶ್ನೆ: ನನ್ನ ಗಣಕದಲ್ಲಿ, ತಂತ್ರಾಂಶಗಳನ್ನು ಮೂಲ ಕಡತಗಳಿಂದ ಕಟ್ಟಿಕೊಳ್ಳುವ ಜೆಂಟೂ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಇದೆ. ಮೂರು ವರ್ಷಗಳಲ್ಲಿ ಇಳಿಸಿಕೊಂಡದ್ದೆಲ್ಲ ಬಂದು ಸೇರುವ ಡಿಸ್ಟ್‌ಫೈಲ್ಸ್ ಫೋಲ್ಡರಿನಲ್ಲಿ ಸಾವಿರಾರು ಮೂಲ (ಸೋರ್ಸ್) ಕಡತಗಳು ಗುಡ್ಡೆ ಬಿದ್ದಿವೆ. ಒಂದು ಭಾನುವಾರ ಕುಳಿತು ಅವನ್ನೆಲ್ಲ ಅಕ್ಷರಾನುಕ್ರಮದ ಉಪಫೋಲ್ಡರುಗಳಿಗೆ ಹಂಚಿದೆ. ಮರುದಿನ ಒಂದು ತಂತ್ರಾಂಶವನ್ನು ಮತ್ತೆ ಕಟ್ಟಲು ಹೊರಟರೆ, ಜೆಂಟೂವಿನ ತಂತ್ರಾಂಶ ಸ್ಥಾಪಕವಾದ ಪೋರ್ಟೇಜ್ ಅದರ ಕಡತವನ್ನು ಪುನಃ ಇಳಿಸಿಕೊಳ್ಳತೊಡಗಿತು. ಪುಣೆಯಲ್ಲಿರುವ ತಮ್ಮನಿಗೂ ಇವೇ ಕಡತಗಳು ಬೇಕಾಗಿವೆ. ಏನು ಮಾಡಲಿ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು ಆ ಕಡತಗಳನ್ನೆಲ್ಲ ಉಪಫೋಲ್ಡರುಗಳಿಂದ ಹೊರತೆಗೆದು ಮೊದಲಿನಂತೆ ಒಂದೇ ಕಡೆ ಹಾಕಿಬಿಡಿ. ಪೋರ್ಟೇಜ್ ಒಂದು ಕಡತವನ್ನು ಅದರ ಪೂರ್ಣ ಹೆಸರಿನಿಂದ ಡಿಸ್ಟ್‌ಫೈಲ್ಸ್ ಫೋಲ್ಡರಿನಲ್ಲಿ ನೇರವಾಗಿ ಹುಡುಕುತ್ತದೆಯೇ ಹೊರತು ಒಳಗಿನ ಫೋಲ್ಡರುಗಳನ್ನು ಜಾಲಾಡುವುದಿಲ್ಲ. ಹೆಸರು ಸಿಕ್ಕ ಮೇಲೆ, ಆ ತಂತ್ರಾಂಶದ ಮ್ಯಾನಿಫೆಸ್ಟ್ ಕಡತದಲ್ಲಿ 'ಡಿಸ್ಟ್' ಎಂದು ಆರಂಭವಾಗುವ ಸಾಲನ್ನು ನೋಡಿ, ಅಲ್ಲಿ ನಮೂದಾಗಿರುವ ಗಾತ್ರ ಮತ್ತು ಹ್ಯಾಶ್‌ಗಳಿಗೆ (ಲೆಕ್ಕ ಹಾಕಿ ಪಡೆದ ಗುರುತು ಸಂಖ್ಯೆಗಳಿಗೆ) ನಿಮ್ಮ ಕಡತ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುತ್ತದೆ. ಆದ್ದರಿಂದ ಹೆಸರನ್ನೂ ಬದಲಿಸಬಾರದು.

ಅಕ್ಷರಾನುಕ್ರಮದ ಯೋಚನೆ ನಿಮಗೊಬ್ಬರಿಗೇ ಬಂದದ್ದಲ್ಲ. ಜೆಂಟೂವಿನ ಮಿರರ್‌ಗಳಲ್ಲಿ (ಕಡತಗಳ ಪ್ರತಿಗಳನ್ನಿಟ್ಟು ಹಂಚುವ ಸರ್ವರ್‌ಗಳಲ್ಲಿ) ಎಲ್ಲ ಕಡತಗಳೂ ಒಂದೇ ಫೋಲ್ಡರಿನಲ್ಲಿದ್ದು ಭಾರವಾದಾಗ ಇದೇ ಚರ್ಚೆ ನಡೆಯಿತು. ಆದರೆ ಮೊದಲಕ್ಷರದಿಂದ ಹಂಚಿದರೆ ಹೊರೆ ಸಮವಾಗುವುದಿಲ್ಲ. ಟೆಕ್ಸ್‌ಲೈವ್ ಎಂಬ ಅಕ್ಷರಜೋಡಣೆ ತಂತ್ರಾಂಶದ ಕಡತಗಳೇ ಸಾವಿರಗಟ್ಟಲೆ ಇದ್ದು, ಅವೆಲ್ಲ ಒಂದೇ ಅಕ್ಷರದಡಿ ಬಂದು ಕೂಡುತ್ತವೆ. ಹೀಗಾಗಿ 2018ರಲ್ಲಿ ಸಿದ್ಧವಾದ ಗ್ಲೆಪ್ 75 ಎಂಬ ಪ್ರಸ್ತಾವದಂತೆ, ಕಡತದ ಹೆಸರಿನ ಬ್ಲೇಕ್2ಬಿ ಎಂಬ ಬಗೆಯ ಹ್ಯಾಶ್‌ನ ಮೊದಲ 8 ಬಿಟ್‌ಗಳನ್ನು ಆಧರಿಸಿ ಮಿರರ್‌ಗಳಲ್ಲಿ 256 ಫೋಲ್ಡರುಗಳಿಗೆ ಹಂಚುವ ಕ್ರಮ ಬಂದಿತು. ಅದು ಮಿರರ್‌ಗಳಿಗೆ ಮಾತ್ರ. ನಮ್ಮ ಮನೆಯ ಗಣಕಕ್ಕೆ ಅದರ ಅಗತ್ಯವಿಲ್ಲ.

ನಿಮಗೆ ನಿಜವಾಗಿ ಬೇಕಾಗಿರುವುದು ವಿಂಗಡಣೆಗಿಂತ ಹೆಚ್ಚಾಗಿ ಶುಚಿಗೊಳಿಸುವಿಕೆ. ಹೆಸರಿನಲ್ಲಿ 'ಚೆಕ್‌ಸಮ್ ಫೇಲ್ಯೂರ್' ಎಂದಿರುವವು ತಾಳೆಯಾಗದೆ ಉಳಿದ ಕಡತಗಳಾದ್ದರಿಂದ ಅವನ್ನು ಧಾರಾಳವಾಗಿ ಅಳಿಸಬಹುದು. ಉಳಿದದ್ದಕ್ಕೆ ಜೆಂಟೂಲ್‌ಕಿಟ್ ಎಂಬ ಉಪಕರಣಗಳ ಸಂಚಿಯಲ್ಲಿರುವ ಇಕ್ಲೀನ್-ಡಿಸ್ಟ್ ಎಂಬ ಆಜ್ಞೆ ಇದೆ. ಸುಮ್ಮನೆ ಓಡಿಸಿದರೆ, ಸದ್ಯದ ಇಬಿಲ್ಡ್‌ಗಳಲ್ಲಿ (ತಂತ್ರಾಂಶವನ್ನು ಕಟ್ಟುವ ವಿಧಾನ ಬರೆದಿರುವ ಕಡತಗಳಲ್ಲಿ) ಯಾವುದಕ್ಕೂ ಬೇಡವಾದ ಕಡತಗಳನ್ನು ಮಾತ್ರ ಅದು ತೆಗೆಯುತ್ತದೆ; 'ಡೀಪ್' ಆಯ್ಕೆ ಕೊಟ್ಟರೆ ನಿಮ್ಮ ಗಣಕದಲ್ಲಿ ಸ್ಥಾಪಿತವಾಗಿರುವ ತಂತ್ರಾಂಶಗಳ ಕಡತಗಳನ್ನಷ್ಟೇ ಉಳಿಸುತ್ತದೆ. ಎರಡಕ್ಕೂ ಮೊದಲು 'ಪ್ರಿಟೆಂಡ್' ಆಯ್ಕೆ ಕೊಟ್ಟು, ಏನೇನು ಅಳಿಯಲಿದೆ ಎಂಬ ಪಟ್ಟಿಯನ್ನು ಓದಿರಿ. ಮಾಟುಂಗದ ನನ್ನ ಮನೆಯ ಗಣಕದಲ್ಲಿ ಹಾಗೆ ಓದದೆ ಡೀಪ್ ಓಡಿಸಿ, ಹಳೆಯ ಸ್ಕ್ಯಾನರೊಂದರ ಚಾಲಕ ತಂತ್ರಾಂಶದ ಕಡತವನ್ನು ಕಳೆದುಕೊಂಡೆ. ಪರವಾನಗಿಗೆ ಒಪ್ಪಿಗೆ ಕೊಟ್ಟು ನಾವೇ ಇಳಿಸಿ ತಂದಿಡಬೇಕಾದ ಬಗೆಯ ಕಡತವದು. ಅದನ್ನು ಕೊಡುತ್ತಿದ್ದ ತಾಣ ಅಷ್ಟರಲ್ಲಿ ಮುಚ್ಚಿತ್ತು. ಇಂಥವನ್ನು ಕಾಯಲು 'ಫೆಚ್-ರಿಸ್ಟ್ರಿಕ್ಟೆಡ್' ಎಂಬ ಆಯ್ಕೆಯೇ ಇದೆ, ದಯವಿಟ್ಟು ಬಳಸಿರಿ.

ವಿಂಗಡಿಸಿಯೇ ಇಡಬೇಕೆಂಬ ಆಸೆ ಉಳಿದಿದ್ದರೆ ಅದಕ್ಕೂ ದಾರಿಯಿದೆ. ಪೋರ್ಟೇಜ್‌ನ ಹೊಂದಾಣಿಕೆಗಳಿರುವ ಮೇಕ್.ಕಾನ್ಫ್ ಕಡತದಲ್ಲಿ 'ಪೋರ್ಟೇಜ್_ಆರ್‌ಓ_ಡಿಸ್ಟ್‌ಡರ್ಸ್' ಎಂಬ ಸೂಚನೆಗೆ ಒಂದಕ್ಕಿಂತ ಹೆಚ್ಚು ಫೋಲ್ಡರುಗಳ ಹಾದಿಗಳನ್ನು ಬರೆಯಬಹುದು. ಬೇಕಾದ ಕಡತ ಅವುಗಳಲ್ಲೊಂದರಲ್ಲಿ ಸಿಕ್ಕರೆ ಪೋರ್ಟೇಜ್ ಅದನ್ನು ಮುಟ್ಟದೆ, ಡಿಸ್ಟ್‌ಫೈಲ್ಸ್‌ನಲ್ಲಿ ಅದಕ್ಕೊಂದು ಕೊಂಡಿಯನ್ನಷ್ಟೇ ಇಡುತ್ತದೆ. ಮತ್ತೆ ಸಿಗಲಾರದ ಕಡತಗಳಿಗೊಂದು, ಲಿಬ್ರೆ ಆಫೀಸಿನಂಥ ದೊಡ್ಡವುಗಳಿಗೊಂದು, ಹೀಗೆ ಹೊರಗಿನ ಡಿಸ್ಕಿನಲ್ಲಿ ಮಾಡಿಟ್ಟುಕೊಳ್ಳಿ.

ಪುಣೆಗೆ ಹೋಗುವಾಗ ಅದೇ ಡಿಸ್ಕನ್ನು ಒಯ್ದು, ತಮ್ಮನ ಗಣಕದಲ್ಲೂ ಇದೇ ಸೂಚನೆಯನ್ನು ಬರೆದರೆ ಸಾಕು. ಅದರ ಬದಲು ಇಬ್ಬರೂ ಒಂದೇ ಡಿಸ್ಟ್‌ಫೈಲ್ಸ್ ಫೋಲ್ಡರನ್ನು ಹಂಚಿಕೊಂಡು, ನೀವು ನಿಮ್ಮ ಕಡೆಯಿಂದ ಡೀಪ್ ಓಡಿಸಿದರೆ, ನಿಮ್ಮಲ್ಲಿಲ್ಲದ ಆತನ ತಂತ್ರಾಂಶಗಳ ಕಡತಗಳೆಲ್ಲ ಅಳಿದುಹೋಗುತ್ತವೆ. ಡಿಸ್ಕನ್ನು ಡೆಸ್ಕ್‌ಟಾಪ್ ತಾನಾಗಿ ಜೋಡಿಸಿಕೊಂಡರೆ ಅದನ್ನು ಓದುವ ಅನುಮತಿ ಸಾಮಾನ್ಯವಾಗಿ ಲಾಗಿನ್ ಆದವರಿಗೆ ಮಾತ್ರ ಇರುತ್ತದೆ. ಪೋರ್ಟೇಜ್ ತನ್ನ ಕೆಲಸಕ್ಕೆ ಬಳಸುವ 'ಪೋರ್ಟೇಜ್' ಎಂಬ ಬಳಕೆದಾರನಿಗೂ ಓದಲು ಬರುವಂತೆ, ಮೌಂಟ್ ಆಜ್ಞೆಯಿಂದ ನೀವೇ ಬೇರೆ ಜಾಗದಲ್ಲಿ ಜೋಡಿಸಿಕೊಳ್ಳಿ.