ಪಾತ್ರದ ಬಲ ತೂಗುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದ ಐದನೇ ಆವೃತ್ತಿಗೆ ನಮ್ಮದೇ ಪಾತ್ರ ಆಯ್ಕೆಗಳನ್ನು ಬರೆಯುತ್ತಿದ್ದೇವೆ. 2014ರ ಗ್ರೇಟ್ ವೆಪನ್ ಮಾಸ್ಟರ್ ಮಾದರಿಯ ಒಂದು ಫೀಟ್ (ಪಾತ್ರ ಗಳಿಸುವ ವಿಶೇಷ ಸಾಮರ್ಥ್ಯ) ಇದೆ: ಏಟು ತಾಗಿಸುವ ದಾಳದಲ್ಲಿ 5 ಕಳೆದುಕೊಂಡರೆ ಹಾನಿಗೆ 10 ಕೂಡುತ್ತದೆ. ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಆಟಕ್ಕೆ ಕೂತಾಗ ಮಾತ್ರ ಅದನ್ನು ತೆಗೆದುಕೊಂಡವರದ್ದೇ ದರ್ಬಾರು. ಎಲ್ಲಿ ಎಡವಿದ್ದೇವೆ? (ಓದುಗರು, ಬೆಂಗಳೂರು)

ಉತ್ತರ: ನಿಮ್ಮ ಲೆಕ್ಕ ಸರಿ ಇದೆ. ಆದರೆ ನೀವು ಲೆಕ್ಕ ಹಾಕಿರುವುದು ಬಹುಶಃ ಒಂದೇ ಸನ್ನಿವೇಶಕ್ಕೆ. ಅದನ್ನು ಮೂರು ಕಡೆ ನಿಲ್ಲಿಸಿ ನೋಡೋಣ.

ಆರನೇ ಲೆವೆಲ್‌ನ ಫೈಟರ್ (ಯೋಧ) ತೆಗೆದುಕೊಳ್ಳಿ. ಸ್ಟ್ರೆಂತ್ (ಮೈಬಲದ ಅಂಕ) 18, ಕೈಯಲ್ಲಿ ಗ್ರೇಟ್‌ಸೋರ್ಡ್, ಸರದಿಗೆ ಎರಡು ಏಟು, ಪ್ರತಿ ಏಟಿಗೆ ಡಿ20 (ಇಪ್ಪತ್ತು ಮುಖದ ದಾಳ) ಜೊತೆ 7. ಈ ಲೆವೆಲ್‌ನಲ್ಲಿ ಅವನ ಮುಂದೆ ಎರಡು ದಾರಿ: ಸ್ಟ್ರೆಂತ್ 20ಕ್ಕೆ ಏರಿಸಿಕೊಳ್ಳುವುದು, ಇಲ್ಲವೇ ನಿಮ್ಮ ಫೀಟ್ ತೆಗೆದುಕೊಳ್ಳುವುದು. ಹೋಲಿಕೆ ಯಾವಾಗಲೂ ಈ ಎರಡರ ನಡುವೆ ಇರಬೇಕು. ಏನೂ ತೆಗೆದುಕೊಳ್ಳದ ಫೈಟರ್ ಜೊತೆ ಹೋಲಿಸಿದರೆ ಯಾವ ಫೀಟ್ ಆದರೂ ಬಲವಾಗಿಯೇ ಕಾಣುತ್ತದೆ.

ಎದುರಾಳಿಯ ಎಸಿ (ಏಟು ತಾಗಲು ದಾಳದ ಮೊತ್ತ ಮುಟ್ಟಬೇಕಾದ ಅಂಕ) 15 ಇದ್ದರೆ, ಸ್ಟ್ರೆಂತ್ 20ರ ಫೈಟರ್‌ನ ಏಟು ತಾಗುವ ಸಂಭವ ಶೇ 70, ತಾಗಿದಾಗ ಹಾನಿ ಸರಾಸರಿ 12. ಇಪ್ಪತ್ತು ಬಿದ್ದಾಗಿನ ಹೆಚ್ಚುವರಿ ದಾಳಗಳನ್ನೂ ಸೇರಿಸಿದರೆ ಸರದಿಗೆ 17.5. ಫೀಟ್ ಹಿಡಿದವನಿಗೆ ತಾಗುವುದು ಶೇ 40, ಹಾನಿ 21. ಅವನದೂ 17.5! ನಿಮಗೆ ಕಾಗದದ ಮೇಲೆ ಸರಿ ಕಂಡದ್ದು ಇದೇ ಇರಬೇಕು.

ಈಗ ಅಡ್ವಾಂಟೇಜ್ ಕೊಡಿ, ಅಂದರೆ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಲಿ. ಸ್ಟ್ರೆಂತ್ ಏರಿಸಿಕೊಂಡವನು 23.2ಕ್ಕೆ ನಿಲ್ಲುತ್ತಾನೆ, ಫೀಟ್‌ನವನು 28.2ಕ್ಕೆ ಜಿಗಿಯುತ್ತಾನೆ. ಎಸಿ 18ರ ಎದುರು ಅಡ್ವಾಂಟೇಜ್ ಇಲ್ಲದಿದ್ದರೆ ಫೀಟ್ 11.2ಕ್ಕೆ ಕುಸಿಯುತ್ತದೆ, ಸ್ಟ್ರೆಂತ್‌ನವನು 13.9ರಲ್ಲಿ ಇರುತ್ತಾನೆ. ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ, ಸಮವಾಯಿತಲ್ಲ ಅನ್ನಬೇಡಿ. ಎಸಿ ಹೆಚ್ಚಿದೆ ಎಂದು ಗೊತ್ತಾದ ತಕ್ಷಣ ಆಟಗಾರ ಆ 5 ಕಳೆಯುವುದನ್ನೇ ನಿಲ್ಲಿಸುತ್ತಾನೆ, ಆಗ ಅವನಿಗೆ 11.7 ಸಿಗುತ್ತದೆ. ಬೇಡವಾದಾಗ ಕೈಬಿಡಬಹುದಾದ ನಷ್ಟವನ್ನು ಬೆಲೆ ಎಂದು ಲೆಕ್ಕಕ್ಕೆ ಹಿಡಿಯಬಾರದು. ನಿಮ್ಮ ಫೀಟ್‌ನ ಮೂಲ ದೋಷ ಇದು. ಅದರ ಮೇಲೆ ಕ್ಲೆರಿಕ್ (ಪೂಜಾರಿ ಪಾತ್ರ) ಒಬ್ಬರು ಬ್ಲೆಸ್ ಎಂಬ ಮಂತ್ರ ಹಾಕಿ ಪ್ರತಿ ದಾಳಕ್ಕೆ ಸರಾಸರಿ 2.5 ಕೊಟ್ಟರೆ, ಕಳೆದ 5ರಲ್ಲಿ ಅರ್ಧ ಅಲ್ಲೇ ವಾಪಸ್ ಬಂತು.

2024ರ ಪರಿಷ್ಕೃತ ನಿಯಮ ಇದನ್ನು ತಿದ್ದಿದ ರೀತಿ ಗಮನಿಸಿ. ಕಳೆಯುವುದೂ ಇಲ್ಲ, 10 ಕೂಡುವುದೂ ಇಲ್ಲ, ಭಾರಿ ಆಯುಧದ ಏಟು ತಾಗಿದರೆ ಪ್ರೊಫಿಷಿಯನ್ಸಿ ಬೋನಸ್ (ಲೆವೆಲ್ ಜೊತೆ ಏರುವ ಅಂಕ) ಎಷ್ಟೋ ಅಷ್ಟು ಹಾನಿ ಸೇರುತ್ತದೆ. ಈ ಲೆವೆಲ್‌ನಲ್ಲಿ ಅದು 3. ಮೇಲಿನ ಮೂರು ಸನ್ನಿವೇಶಗಳಲ್ಲಿ ಸಿಗುವುದು 18.9, 25.9, 14.7. ಸಾಮಾನ್ಯ ಏಟು ಹಳೆಯದಕ್ಕಿಂತ ಹೆಚ್ಚೇ ಆಯಿತು, ತುದಿ ಮಾತ್ರ ತಗ್ಗಿತು. ಆಟದ ಟೇಬಲ್ ಹಾಳುಮಾಡುವುದು ಸರಾಸರಿ ಅಲ್ಲ, ತುದಿ. ಹಾಗಾಗಿ ಪ್ರತಿ ಆಯ್ಕೆಗೂ ಒಂದು ಹಾಳೆ ಇಡಿ: ಅಡ್ಡ ಸಾಲಿನಲ್ಲಿ ಎಸಿ 13, 15, 18, ಕೆಳಕ್ಕೆ ಏನೂ ಇಲ್ಲದೆ, ಅಡ್ವಾಂಟೇಜ್ ಜೊತೆ, ಬ್ಲೆಸ್ ಜೊತೆ. ಒಂಬತ್ತು ಮನೆ. ಯಾವುದಾದರೂ ಮನೆಯಲ್ಲಿ ಪರ್ಯಾಯಕ್ಕಿಂತ ಐದನೇ ಒಂದು ಪಾಲು ಮುಂದೆ ಹೋದರೆ ಅಲ್ಲಿ ಕತ್ತರಿ ಹಾಕಿ. ಈ ಐದನೇ ಒಂದು ಪಾಲು ನಮ್ಮ ಅಂದಾಜಿನ ಗೆರೆ, ನಿಯಮವಲ್ಲ.

ಪ್ರಶ್ನೆ: ನಮ್ಮ ಆಟದಲ್ಲಿ ವಿಝಾರ್ಡ್ (ಮಾಂತ್ರಿಕ) ಫೈರ್‌ಬಾಲ್ ಎಂಬ ಬೆಂಕಿಯ ಸ್ಪೆಲ್ (ಮಂತ್ರ) ಹಾಕಿದರೆ ಮುಗಿಯಿತು, ಫೈಟರ್ ಆಡುವ ಗೆಳತಿ ಸುಮ್ಮನೆ ಕೂತಿರುತ್ತಾಳೆ. ಸ್ಪೆಲ್‌ನ ಹಾನಿ ಇಳಿಸಬೇಕೇ? (ಓದುಗರು, ಮೈಸೂರು)

ಉತ್ತರ: ಮೊದಲು ಒಂದು ವಿಷಯ ಎಣಿಸಿ: ಎರಡು ಲಾಂಗ್ ರೆಸ್ಟ್‌ಗಳ (ಬಳಸಿದ ಬಲ ಮರಳುವ ದೀರ್ಘ ವಿಶ್ರಾಂತಿ) ನಡುವೆ ಎಷ್ಟು ಕಾಳಗ ನಡೆಯುತ್ತದೆ? 2014ರ ಡಿಎಂ (ಆಟ ನಡೆಸುವವರು) ಕೈಪಿಡಿ ಇಟ್ಟುಕೊಂಡ ಅಂದಾಜು ದಿನಕ್ಕೆ 6ರಿಂದ 8, ನಡುವೆ ಎರಡು ಶಾರ್ಟ್ ರೆಸ್ಟ್ (ಕಿರು ವಿಶ್ರಾಂತಿ).

ಐದನೇ ಲೆವೆಲ್‌ನ ವಿಝಾರ್ಡ್‌ಗೆ ಫೈರ್‌ಬಾಲ್ ಹಾಕಲು ಬೇಕಾದ ಸ್ಪೆಲ್ ಸ್ಲಾಟ್ (ಸ್ಪೆಲ್ ಹಾಕಲು ಖರ್ಚಾಗುವ ಅವಕಾಶ) ದಿನಕ್ಕೆ ಎರಡು. ಆರು ಮುಖದ ಎಂಟು ದಾಳ, ಸರಾಸರಿ 28. ತಪ್ಪಿಸಿಕೊಂಡವರಿಗೆ ಅರ್ಧ. ಎದುರಾಳಿಗಳು ತಪ್ಪಿಸಿಕೊಳ್ಳುವ ಸಂಭವ ಶೇ 40 ಎಂದಿಟ್ಟುಕೊಂಡರೆ ತಲೆಗೆ 22.4; ನಾಲ್ವರು ಸಿಕ್ಕರೆ ಒಂದು ಸ್ಪೆಲ್‌ಗೆ ಸುಮಾರು 90. ಅದೇ ಲೆವೆಲ್‌ನ ಸ್ಟ್ರೆಂತ್ 18ರ ಫೈಟರ್ ಎಸಿ 15ರ ಎದುರು ಸರದಿಗೆ 15 ಕೊಡುತ್ತಾಳೆ.

ದಿನಕ್ಕೆ ಮೂರು ಸುತ್ತಿನ ಒಂದೇ ಕಾಳಗವಾದರೆ ವಿಝಾರ್ಡ್ ಎರಡು ಫೈರ್‌ಬಾಲ್, ಒಂದು ಫೈರ್ ಬೋಲ್ಟ್ (ಸ್ಲಾಟ್ ಬೇಡದ ಚಿಕ್ಕ ಸ್ಪೆಲ್) ಸೇರಿ 187, ಫೈಟರ್ ಆ್ಯಕ್ಷನ್ ಸರ್ಜ್ (ವಿಶ್ರಾಂತಿಗೊಮ್ಮೆ, ಒಂದು ಸರದಿಯಲ್ಲಿ ಇನ್ನೊಮ್ಮೆ ಏಟು ಹಾಕುವ ಅವಕಾಶ) ಸೇರಿಸಿಯೂ 60. ನಿಮ್ಮ ಗೆಳತಿಯ ಬೇಸರ ನ್ಯಾಯವೇ. ಅಂಥದೇ ಆರು ಕಾಳಗ, ಹದಿನೆಂಟು ಸುತ್ತು ನಡೆದರೆ? ಫೈಟರ್ 270, ಮೂರು ಸಲದ ಆ್ಯಕ್ಷನ್ ಸರ್ಜ್ ಸೇರಿ 315. ವಿಝಾರ್ಡ್ ಎರಡು ಫೈರ್‌ಬಾಲ್ ಮುಗಿಸಿ ಉಳಿದ ಹದಿನಾರು ಸುತ್ತು ಫೈರ್ ಬೋಲ್ಟ್ ಹಾಕುತ್ತಾ 302ಕ್ಕೆ ಬರುತ್ತಾನೆ. ಕೆಳಗಿನ ಸ್ಪೆಲ್ ಸ್ಲಾಟ್‌ಗಳನ್ನೂ, ಶಾರ್ಟ್ ರೆಸ್ಟ್‌ನಲ್ಲಿ ಆರ್ಕೇನ್ ರಿಕವರಿಯಿಂದ ಮರಳಿ ಸಿಗುವ ಸ್ಲಾಟನ್ನೂ ನಾವು ಎಣಿಸಿಲ್ಲ, ನಿಜ. ಆದರೆ 2014ರ ನಿಯಮದ ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್ (ಜೀವದ ಅಂಕ). 28ರಲ್ಲಿ 21 ಗಾಳಿಗೆ ಹೋಯಿತು ಎಂಬುದನ್ನೂ ಎಣಿಸಿಲ್ಲ.

ನಿಮ್ಮ ಕಥೆಯಲ್ಲಿ ದಿನಕ್ಕೆ ಆರು ಕಾಳಗ ಹಿಡಿಯುವುದಿಲ್ಲ ಎಂದರೆ ವಿಶ್ರಾಂತಿಯನ್ನು ಹಿಗ್ಗಿಸಿ: ಶಾರ್ಟ್ ರೆಸ್ಟ್‌ಗೆ 8 ಗಂಟೆ, ಲಾಂಗ್ ರೆಸ್ಟ್‌ಗೆ 7 ದಿನ. ಇದೂ ಅದೇ ಕೈಪಿಡಿಯ ಪರ್ಯಾಯ ನಿಯಮ. ಆಗ ಆರು ಕಾಳಗ ಒಂದು ವಾರಕ್ಕೆ ಹರಡುತ್ತವೆ. ಹಾನಿ ಇಳಿಸುವುದು ಕೊನೆಯ ಮದ್ದು. ಒಂದು ಎಚ್ಚರಿಕೆ ಮಾತ್ರ ಬೇಕು: ಹೊಸ ಸ್ಪೆಲ್ ಬರೆಯುವಾಗ ಫೈರ್‌ಬಾಲ್ ಅನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಹಲವರಿಗೆ ತಾಗುವ ಮೂರನೇ ಲೆವೆಲ್ ಸ್ಪೆಲ್‌ಗೆ ಆ ಕೈಪಿಡಿಯ ಕೋಷ್ಟಕವೇ ಹೇಳುವುದು ಆರು ದಾಳ, ಎಂಟಲ್ಲ.

ಪ್ರಶ್ನೆ: ಪಾತ್ರದ ಆರು ಸಾಮರ್ಥ್ಯದ ಅಂಕಗಳನ್ನು ಪಾಯಿಂಟ್ ತೆತ್ತು ಕೊಳ್ಳುವ ಪಾಯಿಂಟ್ ಬೈ ಪದ್ಧತಿಯಲ್ಲಿ 14 ಮತ್ತು 15ಕ್ಕೆ ಮಾತ್ರ ದುಬಾರಿ ಬೆಲೆ ಏಕೆ? (ಓದುಗರು, ಹುಬ್ಬಳ್ಳಿ)

ಉತ್ತರ: 8ಕ್ಕೆ ಬೆಲೆ ಇಲ್ಲ, 13ರವರೆಗೆ ಮೆಟ್ಟಿಲಿಗೆ ಒಂದು ಪಾಯಿಂಟ್, ಕೊನೆಯ ಎರಡು ಮೆಟ್ಟಿಲಿಗೆ ತಲಾ ಎರಡು. ಒಟ್ಟು 27ರಲ್ಲಿ ಮೂರು 15 ಕೊಂಡರೆ ಉಳಿದ ಮೂರೂ 8ರಲ್ಲೇ ಕೂರುತ್ತವೆ. ಮೂರು 13, ಮೂರು 12 ಕೊಂಡರೂ ಅದೇ 27. ತುದಿ ಬೇಕಾದವರು ಬುಡದಲ್ಲಿ ತೆರಲಿ ಎಂಬ ಏರ್ಪಾಡು. ಎಲ್ಲಾ ಮೆಟ್ಟಿಲಿಗೂ ಒಂದೇ ಬೆಲೆ ಇಟ್ಟರೆ ಎಲ್ಲರ ಪಾತ್ರದಲ್ಲೂ ಮುಖ್ಯ ಅಂಕ ಒಂದೇ ಆಗುತ್ತದೆ.

ಪ್ರಶ್ನೆ: ಕಾಳಗಕ್ಕೆ ಸಂಬಂಧಿಸದ ಆಯ್ಕೆಗಳನ್ನು ಹೇಗೆ ತೂಗುವುದು? ಅಲ್ಲಿ ಎಣಿಸಲು ಅಂಕವೇ ಇಲ್ಲ. (ಓದುಗರು, ಮಂಗಳೂರು)

ಉತ್ತರ: ಅಂಕ ಇಲ್ಲದಿದ್ದರೂ ಒಂದು ಪ್ರಶ್ನೆ ಇದೆ: ಈ ಆಯ್ಕೆ ತೆಗೆದುಕೊಂಡವರಿಗೆ ಮಾಡಲು ಕೆಲಸ ಹೆಚ್ಚಾಯಿತೇ, ಕಡಿಮೆಯಾಯಿತೇ?

2014ರ ರೇಂಜರ್ (ಕಾಡುಮೇಡು ಬಲ್ಲ ಯೋಧ ಪಾತ್ರ) ನೋಡಿ. ತನಗೆ ಪರಿಚಿತವಾದ ಭೂಪ್ರದೇಶದಲ್ಲಿ ಅವಳ ತಂಡ ಮಾಟಮಂತ್ರದಿಂದಲ್ಲದೆ ದಾರಿ ತಪ್ಪುವುದಿಲ್ಲ, ದುರ್ಗಮ ಜಾಗದಲ್ಲಿ ಪ್ರಯಾಣ ನಿಧಾನವಾಗುವುದಿಲ್ಲ, ಹುಡುಕಿದರೆ ಆಹಾರ ದುಪ್ಪಟ್ಟು. ಓದಲು ಬಲವಾಗಿದೆ. ಆದರೆ ಕಾಡಿನ ಕಷ್ಟ ಬೇಕೆಂದೇ ರೇಂಜರ್ ಆರಿಸಿಕೊಂಡವಳ ಪಾಲಿಗೆ ಕಾಡು ಬಂದಾಗಲೇ ಆಟ ಮಾಯ: ಡಿಎಂ "ಮೂರು ದಿನ ಕಳೆಯಿತು, ತಲುಪಿದಿರಿ" ಎಂದು ಮುಂದೆ ಹೋಗುತ್ತಾರೆ. ಬೇರೆ ಭೂಪ್ರದೇಶದಲ್ಲಿ ಈ ಬಲ ಇಲ್ಲವೇ ಇಲ್ಲ. ಎರಡೂ ಕಡೆ ಅವಳ ಕೈ ಖಾಲಿ.

ಹೀಗೆ ಬರೆದು ನೋಡಿ: "ದಿನಕ್ಕೊಮ್ಮೆ, ಕವಲುದಾರಿ ಎದುರಾದಾಗ, ಎರಡು ದಾರಿಗಳಲ್ಲಿ ಒಂದರ ಅಪಾಯ ಏನೆಂದು ಡಿಎಂ ಅವರನ್ನು ಕೇಳಬಹುದು." ಈಗ ಅವಳು ಆರಿಸಬೇಕು, ತಂಡಕ್ಕೆ ವಿವರಿಸಬೇಕು, ಗೊತ್ತಿಲ್ಲದ ದಾರಿಯ ಬಗ್ಗೆ ವಾದ ಹುಟ್ಟುತ್ತದೆ. ಬಲ ಕಡಿಮೆಯಾಯಿತು, ಆಟ ಹೆಚ್ಚಿತು. ನಮ್ಮ ಮಟ್ಟಿಗೆ ಇದೇ ಉತ್ತಮ ಆಯ್ಕೆ.

ಪ್ರಶ್ನೆ: ಎಷ್ಟು ಸಲ ಆಡಿ ನೋಡಿದರೆ ಒಂದು ಆಯ್ಕೆ ಸರಿಯಿದೆ ಎನ್ನಬಹುದು? (ಓದುಗರು, ಶಿವಮೊಗ್ಗ)

ಉತ್ತರ: ಹಾನಿಯ ಅಂತರ ತಿಳಿಯಲು ಆಡಿ ನೋಡಬೇಡಿ, ದಾಳ ಮೋಸ ಮಾಡುತ್ತದೆ. ಸರದಿಗೆ ಸರಾಸರಿ 15 ಕೊಡುವ ಆ ಫೈಟರ್‌ಗೇ ಸುಮಾರು ಎಂಟು ಸರದಿಗೆ ಒಮ್ಮೆ ಎರಡೂ ಏಟು ತಪ್ಪಿ ಸೊನ್ನೆ ಬರುತ್ತದೆ. ಹೀಗಿರುವಾಗ ಎರಡು-ಮೂರು ಅಂಕದ ವ್ಯತ್ಯಾಸ ಒಂದು ಸಂಜೆಯ ಆಟದಲ್ಲಿ ಕಾಣುವುದಿಲ್ಲ. ಅದಕ್ಕೆ ಕಾಗದ, ಪೆನ್ಸಿಲ್ ಸಾಕು. ಟೇಬಲ್‌ನಲ್ಲಿ ನೋಡಬೇಕಾದ್ದು ಬೇರೆ: ಸರದಿ ಮುಗಿಸಲು ಎಷ್ಟು ಹೊತ್ತು ಹಿಡಿಯಿತು, ನಿಯಮ ಓದಲು ಎಷ್ಟು ಸಲ ಆಟ ನಿಂತಿತು, ಆ ಆಯ್ಕೆ ಬಳಸಲು ಮರೆತರೇ, ಪಕ್ಕದವರು ಫೋನ್ ಕೈಗೆತ್ತಿಕೊಂಡರೇ. ಬರೆದವರು ಡಿಎಂ ಆಗಬಾರದು. ನಿಯಮದಲ್ಲಿ ಬಿಟ್ಟುಹೋದದ್ದನ್ನು ಅವರು ಗೊತ್ತಿಲ್ಲದೆಯೇ ಬಾಯಿಮಾತಿನಲ್ಲಿ ತುಂಬಿಬಿಡುತ್ತಾರೆ.

ಪ್ರಶ್ನೆ: ನಿಯಮಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೇವೆ. ಭಾಷೆಯಿಂದ ಸಮತೋಲನ ಕೆಡುತ್ತದೆಯೇ? (ಓದುಗರು, ಧಾರವಾಡ)

ಉತ್ತರ: ಖಂಡಿತ ಕೆಡುತ್ತದೆ, ಎರಡು ಕಡೆ ಜೋಪಾನ. ಮೊದಲನೆಯದು ಸುತ್ತು ಮತ್ತು ಸರದಿ. ಸುತ್ತು ಎಂದರೆ ಎಲ್ಲರೂ ಒಮ್ಮೆ ಆಡಿ ಮುಗಿಸುವ 6 ಸೆಕೆಂಡ್, ಸರದಿ ಒಬ್ಬೊಬ್ಬರದು. ರೋಗ್ (ಕಳ್ಳನಂಥ ಚುರುಕಿನ ಪಾತ್ರ) ಹಾಕುವ ಸ್ನೀಕ್ ಅಟ್ಯಾಕ್‌ನ ಹೆಚ್ಚುವರಿ ಹಾನಿ ಸರದಿಗೊಮ್ಮೆ, ಆದ್ದರಿಂದ ಎದುರಾಳಿ ಓಡುವಾಗ ಅವನ ಸರದಿಯಲ್ಲಿ ಸಿಗುವ ಏಟಿಗೂ ಅದು ಸೇರಬಹುದು. ಅದನ್ನು "ಸುತ್ತಿಗೊಮ್ಮೆ" ಎಂದು ಬರೆದರೆ ಐದನೇ ಲೆವೆಲ್‌ನ ರೋಗ್ ಅಲ್ಲಿ ಸರಾಸರಿ 10.5 ಹಾನಿ ಕಳೆದುಕೊಂಡ.

ಎರಡನೆಯದು "ನೀವು". ಕನ್ನಡದಲ್ಲಿ ಅದು ಗೌರವದ ಏಕವಚನವೂ ಹೌದು, ಬಹುವಚನವೂ ಹೌದು. "ನೀವು ದಾರಿ ತಪ್ಪುವುದಿಲ್ಲ" ಎಂದರೆ ಒಬ್ಬರೋ, ಇಡೀ ತಂಡವೋ? ಆಟಗಾರರು ತಮಗೆ ಲಾಭವಾಗುವಂತೆಯೇ ಓದುತ್ತಾರೆ. ನಿಯಮದ ಸಾಲುಗಳಲ್ಲಿ "ಈ ಪಾತ್ರ", "ತಂಡ", "ಈ ಪಾತ್ರವನ್ನು ಬಿಟ್ಟು ಉಳಿದ ಜೊತೆಗಾರರು" ಎಂದೇ ಬರೆಯಿರಿ. ಮೂಲ ನಿಯಮಗಳ ಎಸ್‌ಆರ್‌ಡಿ 5.1 ಕಡತ 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಮೂಲವನ್ನು ಸ್ಮರಿಸಿ ಅನುವಾದಿಸಿ ಪ್ರಕಟಿಸಬಹುದು. ಆದರೆ ಅದರಲ್ಲಿರುವ ಫೀಟ್ ಒಂದೇ, ಗ್ರ್ಯಾಪ್ಲರ್. ಗ್ರೇಟ್ ವೆಪನ್ ಮಾಸ್ಟರ್ ಅಲ್ಲಿಲ್ಲ. ಆ ಪಠ್ಯವನ್ನು ಹಾಗೇ ಎತ್ತಿ ಹಾಕಬೇಡಿ.