ಎರಡು ಸೀಸನ್‌ನಿಂದ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡವನ್ನು ನೋಡುತ್ತಿದ್ದೇನೆ. ಪ್ರೀಸೀಸನ್‌ನಲ್ಲಿ ಸ್ಟಾರ್ ಆಟಗಾರರ ಬಗ್ಗೆ ಬರುವ ಗಾಳಿಸುದ್ದಿಗೆ ತಲೆ ಕೆಟ್ಟುಹೋಗಿದೆ. ಬೆಂಗಳೂರು ಎಫ್‌ಸಿಯ ಹಳೆಯ ಅಭಿಮಾನಿಗಳು ಇದನ್ನು ಹೇಗೆ ತಡೆದುಕೊಳ್ಳುತ್ತೀರಿ?

ಎರಡು ಸೀಸನ್‌ನಿಂದ ಬಿಎಫ್‌ಸಿ ನೋಡುತ್ತಿದ್ದೇನೆ ಅಂದಿದ್ದೀರಿ. ಲೀಗ್ ಶುರುವಾಗುವ ಮುಂಚೆ ಫೋನ್ ತೆಗೆದರೆ ಸಾಕು, "ಸುನಿಲ್ ಛೆಟ್ರಿ ಕಥೆ ಮುಗೀತು", "ಆ ಫಾರಿನ್ ಪ್ಲೇಯರ್ ಬಿಟ್ಟು ಹೋಗ್ತಾನಂತೆ", "ಇವನಿಗೂ ಕೋಚ್‌ಗೂ ಮಾತೇ ಇಲ್ವಂತೆ" ಅನ್ನೋದೇ ಬರುತ್ತದೆ, ರಾತ್ರಿ ಹನ್ನೆರಡಾದರೂ ಅದನ್ನೇ ಓದುತ್ತಾ ಕೂರುತ್ತೀರಿ. ನನಗೆ ಚೆನ್ನಾಗಿ ಅರ್ಥವಾಗುತ್ತದೆ. 2013ರಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕ್ಲಬ್ ತನ್ನ ಮೊದಲ ಪಂದ್ಯ ಆಡಿದಾಗಿನಿಂದ ನೋಡುತ್ತಿದ್ದೇನೆ. ಮೋಹನ್ ಬಗಾನ್ ಜೊತೆ 1-1. ಅವತ್ತಿಂದ ಇವತ್ತಿನವರೆಗೆ ಜುಲೈ ತಿಂಗಳು ನೆಮ್ಮದಿಯಾಗಿ ಕಳೆದದ್ದೇ ಇಲ್ಲ.

ಹಾಗಾಗಿ ಚಿಂತೆ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಬಿಡೋಕಾಗಲ್ಲ. ಆದರೆ ಚಿಂತೆ ಮಾಡುವ ಜಾಗ ಬದಲಾಯಿಸಿಕೊಳ್ಳಿ. ಸ್ಟಾರ್ ಆಟಗಾರ ಯಾರ ಜೊತೆ ಊಟಕ್ಕೆ ಹೋಗಿದ್ದ, ಯಾರ ಫೋಟೋಗೆ ಲೈಕ್ ಒತ್ತಲಿಲ್ಲ, ಅದೆಲ್ಲ ನಿಮಗೆ ಬೇಡ. ಅವನಿಗೆ ನಾಳೆ ಕಾಲು ಹಿಡಿದುಕೊಂಡರೆ ಅವನ ಜಾಗಕ್ಕೆ ಯಾರು ಇಳಿಯುತ್ತಾರೆ? ಇದೊಂದನ್ನು ಕೇಳಿಕೊಳ್ಳಿ. ಇದು ನನಗೆ ಹೊಳೆಯೋಕೆ ಹತ್ತು ವರ್ಷ ಬೇಕಾಯಿತು.

2024ನ್ನೇ ನೋಡಿ. ಅದರ ಹಿಂದಿನ ಸೀಸನ್‌ನಲ್ಲಿ 12 ತಂಡಗಳ ಪೈಕಿ ನಮ್ಮದು 10ನೇ ಸ್ಥಾನ. 2023ರ ಡಿಸೆಂಬರ್‌ನಲ್ಲಿ ನಮ್ಮ ಮೈದಾನ ಕಂಠೀರವಕ್ಕೇ ಬಂದು ಮುಂಬೈ ಸಿಟಿ 4-0 ಹೊಡೆದು ಹೋಗಿತ್ತು. ಮರುದಿನವೇ ಕೋಚ್ ಸೈಮನ್ ಗ್ರೇಸನ್ ಕೆಲಸ ಹೋಯಿತು. ನಮ್ಮ ಸ್ಟ್ರೈಕರ್ ಛೆಟ್ರಿ ಇಡೀ ಲೀಗ್‌ನಲ್ಲಿ ಹೊಡೆದ ಗೋಲುಗಳನ್ನು ಕೈಬೆರಳಲ್ಲೇ ಎಣಿಸಬಹುದಿತ್ತು. ಮೇ ತಿಂಗಳಲ್ಲಿ ದೇಶದ ತಂಡಕ್ಕೆ ವಿದಾಯ ಎಂದು ಅವರು ವಿಡಿಯೋ ಹಾಕಿದರು. ಜೂನ್ 6ಕ್ಕೆ ಕೋಲ್ಕತ್ತದಲ್ಲಿ ಕುವೈತ್ ಜೊತೆ ವಿದಾಯದ ಪಂದ್ಯ, 0-0. ಆಗಸ್ಟ್ 3ಕ್ಕೆ ಅವರಿಗೆ 40 ತುಂಬಿತು. ನಮ್ಮ ಗುಂಪಿನಲ್ಲಿ ಆ ಎರಡು ತಿಂಗಳು ಬೇರೆ ಮಾತೇ ಇರಲಿಲ್ಲ. ಇನ್ನು ಕ್ಲಬ್‌ನಲ್ಲೂ ಮನಸ್ಸಿಟ್ಟು ಆಡಲ್ಲ ಎಂದು ಒಬ್ಬ, ಜನವರಿಗೆ ಬೂಟು ಕಳಚುತ್ತಾರೆ ಎಂದು ಇನ್ನೊಬ್ಬ. ನಾನೂ ನಂಬಿದ್ದೆ.

ಆಗ ನಮ್ಮ ಕಣ್ಣೆದುರೇ ಬೇರೆ ಒಂದು ವಿಷಯ ನಡೆಯುತ್ತಿತ್ತು. ಲೀಗ್‌ಗೆ ಮುಂಚೆ ನಡೆದ ಡ್ಯುರಾಂಡ್ ಕಪ್‌ನ ಸೆಮಿಫೈನಲ್, ಕೋಲ್ಕತ್ತದಲ್ಲಿ, ಮೋಹನ್ ಬಗಾನ್ ಎದುರು. ಛೆಟ್ರಿ ಪೆನಾಲ್ಟಿ ಹೊಡೆದರು. ವಿರಾಮ ಮುಗಿದ ಸ್ವಲ್ಪ ಹೊತ್ತಿಗೆ ನಮ್ಮ ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್ ಎರಡನೇ ಗೋಲು ಹಾಕಿದ. ಆಮೇಲೆ 2-2 ಆಗಿ ಪೆನಾಲ್ಟಿಯಲ್ಲಿ ಸೋತೆವು. ಮರುದಿನ ಎಲ್ಲರೂ ಸೋತದ್ದರ ಬಗ್ಗೆ, ಛೆಟ್ರಿ ವಯಸ್ಸಿನ ಬಗ್ಗೆ ಬರೆದರು. 19 ವರ್ಷದ ಹುಡುಗನ ಬಗ್ಗೆ ಬರೆದವರು ಬೆರಳೆಣಿಕೆ. ಸೆಪ್ಟೆಂಬರ್ 14ಕ್ಕೆ ಕಂಠೀರವದಲ್ಲಿ ಲೀಗ್‌ನ ಮೊದಲ ಪಂದ್ಯ, ಈಸ್ಟ್ ಬೆಂಗಾಲ್ ವಿರುದ್ಧ. 1-0 ಗೆದ್ದೆವು. ಆ ಒಂದು ಗೋಲು ಯಾರದು ಹೇಳಿ? ವಿನೀತ್‌ದೇ. ಅವತ್ತು ಅಭಿಮಾನಿಗಳು ನಿಲ್ಲುವ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ನನ್ನ ಪಕ್ಕ ನಿಂತಿದ್ದವರು "ಯಾರ್ ಗುರು ಈ ಹುಡುಗ?" ಎಂದು ಕೇಳಿದರು. ನನಗೆ ನಿಜವಾಗಿ ಬೇಜಾರಾಯಿತು. ಎರಡು ತಿಂಗಳು ಅಷ್ಟೆಲ್ಲಾ ಓದಿದ್ದೆವು, ನಮ್ಮೂರಿನ ಹುಡುಗನೇ ಗೊತ್ತಿರಲಿಲ್ಲ.

ಇನ್ನು ಮುಗಿದೇಹೋದರು ಎಂದ ಛೆಟ್ರಿ? ಡಿಸೆಂಬರ್ 7ಕ್ಕೆ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್, 4-2. ಮೂರನೇ ಗೋಲು ಬಂದದ್ದು 98ನೇ ನಿಮಿಷದಲ್ಲಿ. ಐಎಸ್ಎಲ್‌ನಲ್ಲಿ, ಅಂದರೆ ಈ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಅಷ್ಟು ವಯಸ್ಸಿಗೆ ಹ್ಯಾಟ್ರಿಕ್ ಮಾಡಿದವರು ಮುಂಚೆ ಯಾರೂ ಇರಲಿಲ್ಲ. ಸೀಸನ್ ಮುಗಿಯುವ ಹೊತ್ತಿಗೆ 14 ಗೋಲು, ಭಾರತೀಯರಲ್ಲಿ ಅವರದ್ದೇ ಜಾಸ್ತಿ. ಎಫ್‌ಸಿ ಗೋವಾ ಎದುರು ಗೋವಾದಲ್ಲೇ ನಡೆದ ಸೆಮಿಫೈನಲ್‌ನ ಎರಡನೇ ಪಂದ್ಯ ನನ್ನ ಜೀವ ತಿಂದಿತ್ತು. ಇಲ್ಲಿ ನಾವು 2-0 ಗೆದ್ದಿದ್ದೆವು, ಅಲ್ಲಿ ಅವರು 2-0 ಮಾಡಿ ಸಮ ಮಾಡಿಬಿಟ್ಟಿದ್ದರು. ಇಂಜುರಿ ಟೈಮ್‌ನಲ್ಲಿ ಒಂದು ಕ್ರಾಸ್ ಬಂತು, ಛೆಟ್ರಿ ತಲೆ ಕೊಟ್ಟರು, ಒಟ್ಟು ಲೆಕ್ಕದಲ್ಲಿ 3-2. ಎತ್ತರ ಹೇಳಿಕೊಳ್ಳುವಷ್ಟಿಲ್ಲದ ಮನುಷ್ಯ ತಲೆಯಲ್ಲಿ ಅಷ್ಟು ಗೋಲು ಹೇಗೆ ಹೊಡೆಯುತ್ತಾರೆ ಎಂದು ತಿಳಿಯಬೇಕಾದರೆ ಸ್ಟೇಡಿಯಂಗೇ ಬರಬೇಕು. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ನೀವು ಚೆಂಡು ಬಿಟ್ಟು ಒಂದು ಐದು ನಿಮಿಷ ಅವರನ್ನೇ ನೋಡಿ. ಡಿಫೆಂಡರ್ ಬೆನ್ನಿನ ಹತ್ತಿರ ಸುಮ್ನೆ ನಿಂತಿರುತ್ತಾರೆ. ಚೆಂಡು ರೆಕ್ಕೆಗೆ, ಅಂದರೆ ಮೈದಾನದ ಅಂಚಿಗೆ, ಹೋದ ತಕ್ಷಣ ಎರಡು ಹೆಜ್ಜೆ ಮುಂದೆ, ಡಿಫೆಂಡರ್ ಜೊತೆಗೇ ಬರುತ್ತಾನೆ. ಆಗ ಇವರು ನಿಂತುಬಿಡುತ್ತಾರೆ, ಅವನು ನಿಲ್ಲಲಾರ. ಅಷ್ಟೇ ಸಂದು. ಚೆಂಡು ಬರುವಾಗ ಅಲ್ಲಿ ಇರುವವರು ಇವರೊಬ್ಬರೇ.

ಹಾಗಂತ ಬೆಂಚಿಗೆ ಕೂರಿಸಿದಾಗಲೆಲ್ಲ ಕೋಚ್ ತಪ್ಪು ಮಾಡಿದರು ಅಂತಲೂ ಅಲ್ಲ. 2022-23 ನೆನಪಿದೆಯಾ? ನೀವು ಆಗ ಇನ್ನೂ ನೋಡುತ್ತಿರಲಿಲ್ಲ ಅನಿಸುತ್ತದೆ. ಗ್ರೇಸನ್ ಅವರು ಛೆಟ್ರಿಯನ್ನು ಹೊರಗೆ ಕೂರಿಸಿ, ರಾಯ್ ಕೃಷ್ಣ ಜೊತೆ ಶಿವಶಕ್ತಿ ಎಂಬ ಹುಡುಗನನ್ನು ಆಡಿಸಿದರು. ಜಗಳವಂತೆ, ಈಗೋ ಅಂತೆ, ಡ್ರೆಸ್ಸಿಂಗ್ ರೂಮ್ ಎರಡು ಭಾಗವಾಗಿದೆಯಂತೆ, ಏನೇನು ಕೇಳಿದೆವು ಆಗ! ತಂಡ ಸತತ 8 ಪಂದ್ಯ ಗೆದ್ದು ಪ್ಲೇಆಫ್‌ಗೆ ಬಂತು. ಮಾರ್ಚ್ 3ಕ್ಕೆ ಕೇರಳ ವಿರುದ್ಧ ಬೆಂಚಿಂದ ಎದ್ದು ಬಂದ ಛೆಟ್ರಿ, 96ನೇ ನಿಮಿಷದಲ್ಲಿ ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟುವ ಮುಂಚೆಯೇ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಕೇರಳದವರು ಮೈದಾನ ಬಿಟ್ಟೇ ಹೋದರು. ಫೈನಲ್‌ನಲ್ಲಿ ಶುರುವಿನ ನಿಮಿಷಗಳಲ್ಲೇ ಶಿವಶಕ್ತಿಗೆ ಪೆಟ್ಟಾಯಿತು. ಆಗ ಓಡಿಬಂದವರು ಯಾರು? ಅದೇ, ಮುನಿಸಿಕೊಂಡಿದ್ದಾರೆ ಎಂದು ಹೇಳುತ್ತಿದ್ದ ಛೆಟ್ರಿ. ಪೆನಾಲ್ಟಿ ಹೊಡೆದು 1-1 ಮಾಡಿದರು. ಕೊನೆಗೆ ಶೂಟೌಟ್‌ನಲ್ಲಿ ಸೋತೆವು, ಅದು ಬೇರೆ ಮಾತು. ಒಳಗೆ ಯಾರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಕಂಡದ್ದು ಇಷ್ಟು: ಒಬ್ಬ ಬಿದ್ದಾಗ ಇನ್ನೊಬ್ಬ ತಯಾರಿದ್ದ.

ತಯಾರಿಲ್ಲದ ವರ್ಷವೂ ಇದೆ. 2019ರಲ್ಲಿ ಐಎಸ್ಎಲ್ ಗೆದ್ದ ಖುಷಿಯಲ್ಲಿದ್ದೆವು, ಮುಂಬೈಯ ಫೈನಲ್‌ನಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ ರಾಹುಲ್ ಭೇಕೆ ತಲೆ ಕೊಟ್ಟಿದ್ದರು. ಅದಾದ ಮೇಲೆ ನಮ್ಮ ವಿದೇಶಿ ಸ್ಟ್ರೈಕರ್ ಮಿಕು ಹೊರಟುಹೋದರು. ಅವರಂಥ ಸ್ಟ್ರೈಕರ್ ನಮಗೆ ಮತ್ತೆ ಬೇಗ ಸಿಗಲಿಲ್ಲ. ಮುಂದಿನ ಸೀಸನ್ ಡಿಫೆನ್ಸ್ ಗಟ್ಟಿ ಇತ್ತು, ಗೋಲಿಗೆ ಮಾತ್ರ ಬರ. ಆ ಪ್ರೀಸೀಸನ್‌ನಲ್ಲಿ ನಿದ್ದೆ ಕೆಟ್ಟಿದ್ದರೆ ಅದಕ್ಕೆ ಅರ್ಥ ಇತ್ತು. ಆದರೆ ನಾವು ಕಪ್ ಜೊತೆ ತೆಗೆದ ಫೋಟೋ ನೋಡುತ್ತಾ ಆರಾಮಾಗಿದ್ದೆವು.

ಈಗಲೂ ನನ್ನನ್ನು ಕೊರೆಯುವ ಚಿಂತೆ ಇದೇ. ಮೈದಾನದಲ್ಲಿ ಒಟ್ಟಿಗೆ 4 ವಿದೇಶಿಯರನ್ನು ಇಳಿಸಬಹುದು. ಹೆಚ್ಚಿನ ಕ್ಲಬ್‌ಗಳು ಅದರಲ್ಲಿ ಒಬ್ಬರನ್ನಾದರೂ ಸ್ಟ್ರೈಕರ್ ಜಾಗಕ್ಕೇ ಹಾಕುತ್ತವೆ. ಭಾರತದ ಹುಡುಗ ಸ್ಟ್ರೈಕರ್ ಆಗಿ ಬೆಳೆದಿದ್ದರೂ ಲೀಗ್‌ಗೆ ಬಂದ ಮೇಲೆ ರೆಕ್ಕೆಗೆ ಹೋಗಿ ಓಡಬೇಕು. ಛೆಟ್ರಿಯವರೂ ಮಿಕು ಇದ್ದ ಕಾಲದಲ್ಲಿ ಎಡಗಡೆಯಿಂದಲೇ ಜಾಸ್ತಿ ಆಡಿದ್ದು. ಅವರು ನಿಜವಾಗಿ ಬೂಟು ಕಳಚುವ ದಿನ ಆ ಜಾಗ ತುಂಬುವವರನ್ನು ಈ ಪ್ರೀಸೀಸನ್‌ನಿಂದಲೇ ಬೆಳೆಸಬೇಕು. ಡ್ಯುರಾಂಡ್ ಕಪ್‌ನಲ್ಲಿ ತಂಡ ಗೆದ್ದಿತೋ ಸೋತಿತೋ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಎಷ್ಟೋ ಕ್ಲಬ್‌ಗಳು ಅಲ್ಲಿಗೆ ಎರಡನೇ ತಂಡ ಕಳಿಸುತ್ತವೆ. 70ನೇ ನಿಮಿಷದಲ್ಲಿ ಯಾರನ್ನು ಇಳಿಸಿದರು, ಎಲ್ಲಿ ಆಡಿಸಿದರು, ಅದನ್ನು ಬರೆದಿಟ್ಟುಕೊಳ್ಳುತ್ತೇನೆ.

ಬಿಟ್ಟು ಹೋಗ್ತಾನಂತೆ ಅನ್ನೋ ಸುದ್ದಿಗೆ ಒಂದು ಸುಲಭದ ಪರೀಕ್ಷೆ ಇದೆ. ಅವನ ಕಾಂಟ್ರ್ಯಾಕ್ಟ್ ಯಾವಾಗ ಮುಗಿಯುತ್ತದೆ ನೋಡಿ. ಫಿಫಾ ನಿಯಮದಲ್ಲಿ ಕೊನೆಯ ಆರು ತಿಂಗಳು ಬಂದಾಗ ಆಟಗಾರ ಬೇರೆ ಕ್ಲಬ್ ಜೊತೆ ಮಾತಾಡಿ ಸಹಿ ಹಾಕಬಹುದು. ಅಂಥವನ ಬಗ್ಗೆ ಸುದ್ದಿ ಬಂದರೆ ಸ್ವಲ್ಪ ಗಮನ ಕೊಡಿ. ಎರಡು ವರ್ಷ ಬಾಕಿ ಇರುವವನ ಬಗ್ಗೆ ಬಂದರೆ, ಬೇರೆ ಕ್ಲಬ್ ದುಡ್ಡು ಕೊಟ್ಟೇ ಕರೆದುಕೊಂಡು ಹೋಗಬೇಕು. ಇನ್ನು ಕ್ಯಾಂಪ್‌ನ ಮೊದಲ ಫೋಟೋದಲ್ಲಿ ಒಬ್ಬ ವಿದೇಶಿ ಆಟಗಾರ ಕಾಣಲಿಲ್ಲ ಎಂದು ಗಾಬರಿಯಾಗಬೇಡಿ. ವೀಸಾ ತಡವಾಗುತ್ತದೆ, ರಜೆ ಒಂದು ವಾರ ಮುಂದಕ್ಕೆ ಹೋಗಿರುತ್ತದೆ.

ಗಾಸಿಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಲವು ವರ್ಷದ ಹಿಂದೆ ಒಂದು ಮಧ್ಯಾಹ್ನ ಬೆಂಗಳೂರಿನ ಸ್ಥಳೀಯ ಲೀಗ್ ಆದ ಸೂಪರ್ ಡಿವಿಷನ್‌ನ ಪಂದ್ಯ ನೋಡೋಕೆ ಅಶೋಕನಗರಕ್ಕೆ ಹೋಗಿದ್ದೆ. ಜನ ಇರಲಿಲ್ಲ. ಪಕ್ಕದಲ್ಲಿ ಒಬ್ಬರು ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಮಾತಿಗೆ ಮಾತು ಬಂತು. ಮಗ ಆಡುತ್ತಿದ್ದಾನೆ, ಪಂದ್ಯ ಮುಗಿದ ಮೇಲೆ ತಿನ್ನಲಿ ಎಂದು ಚಪಾತಿ, ಬೇಯಿಸಿದ ಮೊಟ್ಟೆ ತಂದಿದ್ದೇನೆ ಅಂದರು. ಹೆಸರು ಕೇಳಿದ ತಕ್ಷಣ ನನಗೆ ಎದೆ ಧಸಕ್ಕೆಂದಿತು. ಆ ಹುಡುಗ ಕುಡಿದು ಸಿಕ್ಕಿಬಿದ್ದ, ಅದಕ್ಕೇ ಕ್ಯಾಂಪ್‌ನಿಂದ ಓಡಿಸಿದರು ಎಂದು ಎರಡು ತಿಂಗಳ ಹಿಂದೆ ಒಂದು ಮೆಸೇಜ್ ಬಂದಿತ್ತು. ನಾನು ಅದನ್ನು ಎರಡು ಗುಂಪಿಗೆ ಕಳಿಸಿದ್ದೆ.

ಅವರೇ ಹೇಳಿದರು. "ತೊಡೆ ಹಿಂದೆ ಹಿಡ್ಕೊಂಡು ಆರು ವಾರ ಮನೇಲೇ ಇದ್ದ ಸಾರ್. ದಿನಾ ಬೆಳಿಗ್ಗೆ ನಾನೇ ಫಿಸಿಯೋ ಹತ್ರ ಕರ್ಕೊಂಡು ಹೋಗ್ತಿದ್ದೆ. ಅಷ್ಟರಲ್ಲಿ ಕುಡೀತಾನೆ ಅಂತ ಫೋನಲ್ಲಿ ಬಂತು. ಅವರಮ್ಮಂಗೆ ಯಾರೋ ಅಂಗಡೀಲಿ ತೋರಿಸಿದ್ರಂತೆ. ಎರಡು ದಿನ ಊಟ ಬಿಟ್ಲು." ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಮೈದಾನದಲ್ಲಿದ್ದ ಮಗನನ್ನೇ ನೋಡುತ್ತಿದ್ದರು. ಹುಡುಗ ಬಲಗಾಲನ್ನು ಇನ್ನೂ ಜೋಪಾನವಾಗಿ ಎತ್ತಿಡುತ್ತಿದ್ದ. ಓಡುವಾಗ ಪೂರ್ತಿ ಚಾಚುತ್ತಿರಲಿಲ್ಲ. ಕಣ್ಣಿದ್ದವರಿಗೆ ಅಲ್ಲೇ ಎಲ್ಲ ಕಾಣುತ್ತಿತ್ತು. ನಾನು ಕಳಿಸಿದ್ದೆ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಅವತ್ತು ಬಸ್ಸಿನಲ್ಲಿ ಕೂತು ಆ ಎರಡೂ ಗುಂಪಿನಲ್ಲಿ "ನಾನು ಕಳಿಸಿದ್ದು ಸುಳ್ಳು, ಹುಡುಗನಿಗೆ ಗಾಯವಾಗಿತ್ತು" ಎಂದು ಬರೆದೆ. ಆಮೇಲಿಂದ ಮೈದಾನದ ಹೊರಗಿನ ಒಂದೇ ಒಂದು ಸುದ್ದಿಯನ್ನೂ ಮುಂದಕ್ಕೆ ಕಳಿಸಿಲ್ಲ.

ಛೆಟ್ರಿಯಂಥವರಿಗೆ ಇಂಥದ್ದೆಲ್ಲ ಅಭ್ಯಾಸವಾಗಿರಬಹುದು. ಹತ್ತೊಂಬತ್ತರ ಹುಡುಗರಿಗೆ ಆಗಿರುವುದಿಲ್ಲ, ಅಲ್ವಾ?

ಒಂದೊಂದು ಸಲ ಆಟಗಾರರಿಗಿಂತ ದೊಡ್ಡ ಸಮಸ್ಯೆ ಬರುತ್ತದೆ. 2025ರ ಜುಲೈನಲ್ಲಿ ಲೀಗನ್ನೇ ತಡೆಹಿಡಿದಿದ್ದೇವೆ ಎಂಬ ಪತ್ರ ಕ್ಲಬ್‌ಗಳಿಗೆ ಹೋಯಿತು. ದೇಶದ ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತಿತ್ತು, ಮುಂದೇನು ಎಂದು ತೀರ್ಮಾನವಾಗಿರಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ನಮ್ಮ ಕ್ಲಬ್ಬೇ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿದೆ ಎಂದು ಪ್ರಕಟಿಸಿತು. ಆ ವಾರವೂ ಗುಂಪುಗಳಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಎಂಬ ಮಾತೇ ಓಡುತ್ತಿತ್ತು. ನನಗೆ ಆಗ ಕಣ್ಣಮುಂದೆ ಬಂದದ್ದು ಸ್ಟೀಲ್ ಡಬ್ಬಿಯ ಆ ಅಪ್ಪ. ಸ್ಟಾರ್ ಹೇಗೋ ನಿಭಾಯಿಸುತ್ತಾನೆ. ಬೆಂಚಿನಲ್ಲಿ ಕೂರುವ ಹುಡುಗನ ಮನೆಯಲ್ಲಿ ಬಾಡಿಗೆ ಯಾರು ಕಟ್ಟುತ್ತಾರೆ?

ನಿಮಗೆ ರಾತ್ರಿ ಹನ್ನೆರಡಕ್ಕೆ ಫೋನ್ ತೆಗೆಯುವ ಆಸೆ ಆದಾಗ ಒಂದು ಕೆಲಸ ಮಾಡಿ. ಸೂಪರ್ ಡಿವಿಷನ್‌ನಲ್ಲಿ ಬಿಎಫ್‌ಸಿಯ ರಿಸರ್ವ್ ತಂಡವೂ ಆಡುತ್ತದೆ, ಅವರ ಪಂದ್ಯ ಯಾವತ್ತಿದೆ ನೋಡಿ. ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ. ಕಿಕ್‌ಆಫ್‌ಗೆ ಅರ್ಧ ಗಂಟೆ ಮುಂಚೆಯೇ ಬನ್ನಿ, ವಾರ್ಮ್ಅಪ್ ನೋಡಬೇಕು. ಯಾರು ಕಾಲು ಪೂರ್ತಿ ಚಾಚಿ ಓಡುತ್ತಿದ್ದಾರೆ, ಯಾರು ಅಳೆದು ಹೆಜ್ಜೆ ಇಡುತ್ತಿದ್ದಾರೆ ಎಂದು ಅಲ್ಲೇ ಗೊತ್ತಾಗುತ್ತದೆ. ನಾನು ಸಾಮಾನ್ಯವಾಗಿ ಮೇಲಿನ ಮೆಟ್ಟಿಲಲ್ಲಿ ಕೂತಿರುತ್ತೇನೆ, ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ. ಕಂಡರೆ ಮಾತಾಡಿಸಿ.