ಬ್ಲಾಕ್ ಹೀಟರ್ ಕೊಳ್ಳುವ ಮುಂಚೆ ಬಾನೆಟ್ ಎತ್ತಿ ನೋಡಿ

ಸೆಕೆಂಡ್ ಹ್ಯಾಂಡ್ ಕೊರೊಲ್ಲಾ ತಗೊಂಡಿದ್ದೀನಿ, ಕೆನಡಾದ ವಿನಿಪೆಗ್ ಚಳಿಗೆ ಯಾವ ಬ್ಲಾಕ್ ಹೀಟರ್ ಹಾಕಿಸಲಿ ಅಂತ ಕೇಳಿದ್ದೀರಿ. ಚಳಿಯಲ್ಲಿ ಗಾಡಿ ಸುಲಭವಾಗಿ ಸ್ಟಾರ್ಟ್ ಆಗಲಿ ಅಂತ ಕರೆಂಟಿನಿಂದ ಇಂಜಿನ್ ಬಿಸಿ ಮಾಡೋ ಹೀಟರ್ ಇದು. ದುಡ್ಡು ಬಿಚ್ಚುವ ಮುಂಚೆ ಗಾಡಿಯಲ್ಲಿ ಆಗಲೇ ಇದೆಯಾ ನೋಡಿ. ಈ ಸೀಮೆಯಲ್ಲಿ ಮಾರಾಟವಾದ ಕಾರಾದರೆ ಇರೋದೇ ಹೆಚ್ಚು. ಮುಂದಿನ ಗ್ರಿಲ್ ಸಂದಿಯಲ್ಲಿ ಮೂರು ಪಿನ್ನಿನ ಪ್ಲಗ್ ನೇತಾಡ್ತಿದ್ದರೆ ಅದೇ. ಕಾಣದಿದ್ದರೆ ಬಾನೆಟ್ ಎತ್ತಿ ಹುಡುಕಿ, ವೈರ್ ಸುತ್ತಿ ಒಳಗೆಲ್ಲೋ ಸಿಕ್ಕಿಸಿರ್ತಾರೆ. ವ್ಯಾಂಕೂವರ್ ಕಡೆ ಚಳಿ ಕಡಿಮೆ, ಅಲ್ಲಿಂದ ಬಂದ ಗಾಡಿಯಾದರೆ ಇರುತ್ತೆ ಅಂತ ನಂಬೋಕಾಗಲ್ಲ.

ಇದ್ದ ಮಾತ್ರಕ್ಕೆ ಕೆಲಸ ಮಾಡುತ್ತೆ ಅಂತಲ್ಲ. ಕರೆಂಟಿಗೆ ಹಾಕದೆ, ಪ್ಲಗ್ಗಿನ ಎರಡು ಚಪ್ಪಟೆ ಪಿನ್ನಿಗೆ ಮಲ್ಟಿಮೀಟರ್ ಹಿಡಿಯಿರಿ. 400 ವಾಟಿನದಾದರೆ 36 ಓಮ್ ಆಸುಪಾಸು ಬರಬೇಕು. ಏನೂ ಬರದಿದ್ದರೆ ಮೊದಲು ವೈರ್ ಬದಲಾಯಿಸಿ ನೋಡಿ. ಉಪ್ಪು, ಕೆಸರು ತಿಂದು ಅದೇ ಮೊದಲು ಹೋಗೋದು.

ಹೊಸದೇ ಬೇಕಾದರೆ ನಿಮ್ಮ ಇಂಜಿನ್ನಿಗೇ ಅಂತ ಬರುವುದನ್ನು, ವರ್ಷ-ಮಾಡೆಲ್ ಹೇಳಿ ತಗೊಳ್ಳಿ. ವಾಟ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋದು ಸುಳ್ಳು. ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ಇಳಿಸಿ ಕೂರಿಸಬೇಕಾದ ಮಾದರಿಯಾದರೆ ಮೆಕ್ಯಾನಿಕ್ಕಿಗೇ ಬಿಡಿ, ಅದೂ ಅಕ್ಟೋಬರ್ ಒಳಗೆ. ಮೊದಲ ಹಿಮ ಬಿದ್ದ ಮೇಲೆ ಗ್ಯಾರೇಜಲ್ಲಿ ಸರದಿ ಸಿಗಲ್ಲ. ಅಯಸ್ಕಾಂತದ ಹೀಟರ್ ಅಗ್ಗ ಅಂತ ಆಸೆಪಡಬೇಡಿ. ಅದನ್ನು ಅಂಟಿಸೋದು ಇಂಜಿನ್ ಕೆಳಗಿನ ಆಯಿಲ್ ಪ್ಯಾನಿಗೆ, ಆ ಪ್ಯಾನ್ ಅಲ್ಯೂಮಿನಿಯಂ ಆಗಿದ್ದರೆ ಅಂಟೋದೇ ಇಲ್ಲ.

ಮೈನಸ್ 15ರ ಕೆಳಗೆ ಇಳಿದ ರಾತ್ರಿ ಪ್ಲಗ್ ಹಾಕಿ. ಮೈನಸ್ 30ರಲ್ಲಿ ಇಂಜಿನ್ ಆಯಿಲ್ ನಮ್ಮ ಜೋನಿಬೆಲ್ಲದ ಹಾಗಾಗಿರುತ್ತೆ, ಸ್ಟಾರ್ಟರ್ ಪಾಪ ಏನು ಮಾಡೀತು? ಹಾಗಂತ ರಾತ್ರಿಯಿಡೀ ಉರಿಸಬೇಡಿ. ಹೊರಡುವುದಕ್ಕೆ ಮೂರು ಗಂಟೆ ಮುಂಚೆ ಶುರುವಾಗುವಂತೆ ಟೈಮರ್ ಇಡಿ. 400 ವಾಟಿಗೆ 1.2 ಯೂನಿಟ್ ಅಷ್ಟೆ. ಟೈಮರ್, ಎಕ್ಸ್‌ಟೆನ್ಷನ್ ವೈರ್ ಎರಡೂ ಹೊರಾಂಗಣದ್ದೇ ಆಗಿರಲಿ. ವೈರ್ 14 ಗೇಜ್, ತುದಿಯಲ್ಲಿ ಪುಟ್ಟ ದೀಪ ಇರುವುದು ಸಿಕ್ಕರೆ ಒಳ್ಳೇದು. ದೀಪ ಉರೀತಿದ್ದರೆ ಕರೆಂಟ್ ಬರ್ತಿದೆ ಅಂತ ಕಿಟಕಿಯಿಂದಲೇ ತಿಳಿಯುತ್ತೆ, ಜಾಕೆಟ್ ಏರಿಸಿಕೊಂಡು ಇಳಿಯೋ ಕಷ್ಟ ಇಲ್ಲ. ಅಪಾರ್ಟ್‌ಮೆಂಟ್ ಆದರೆ ಪ್ಲಗ್ ಪಾಯಿಂಟ್ ಇರೋ ಪಾರ್ಕಿಂಗ್ ಜಾಗ ಈಗಲೇ ಕೇಳಿಟ್ಟುಕೊಳ್ಳಿ. ಕೆಲವು ಕಟ್ಟಡಗಳಲ್ಲಿ ಕರೆಂಟ್ ಬಿಟ್ಟು ಬಿಟ್ಟು ಬರುತ್ತೆ. ಅಲ್ಲಿ ಟೈಮರ್ ಬೇಡ, ಕರೆಂಟ್ ಹೋದಾಗೆಲ್ಲ ಅದರ ಗಡಿಯಾರ ತಪ್ಪಬಹುದು.

ಇನ್ನೊಂದು, ಈ ಹೀಟರ್ ಬ್ಯಾಟರಿಯನ್ನು ಬಿಸಿ ಮಾಡಲ್ಲ. ನಿಮ್ಮ ಬ್ಯಾಟರಿ ಐದು ವರ್ಷ ದಾಟಿದ್ದರೆ ಹೀಟರ್‌ಗಿಂತ ಮುಂಚೆ ಅದನ್ನು ಟೆಸ್ಟ್ ಮಾಡಿಸಿ.